ನಲವತ್ತು ಗುಂಟೆಯ ಲೆಕ್ಕ

ನಲವತ್ತು ಗುಂಟೆಗೆ ಒಂದು ಎಕರೆ ಎಂಬುದು ಪಹಣಿ ನೋಡಿದವರಿಗೆಲ್ಲ ಗೊತ್ತು. ಕಂಪ್ಯೂಟರಿಗೆ ಗೊತ್ತಿಲ್ಲ. 2 ಎಕರೆ 35 ಗುಂಟೆಯನ್ನು 2.35 ಎಂದೂ 1 ಎಕರೆ 10 ಗುಂಟೆಯನ್ನು 1.10 ಎಂದೂ ಬರೆದುಕೊಟ್ಟರೆ ಅದು ಕೂಡಿ 3.45 ಅನ್ನುತ್ತದೆ. ಸರಿಯಾದ ಉತ್ತರ 4 ಎಕರೆ 5 ಗುಂಟೆ. ಎಲ್ಲವನ್ನೂ ಗುಂಟೆಗೆ ಇಳಿಸಿ ಕೂಡಿ 40ರಿಂದ ಭಾಗಿಸಬೇಕು. ಭಾಗಲಬ್ಧ ಎಕರೆ, ಉಳಿದ ಶೇಷ ಗುಂಟೆ. ಪೈಥಾನ್‌ನಲ್ಲಿ ಇದು ನಾಲ್ಕು ಸಾಲಿನ ಫಂಕ್ಷನ್.

ಹಾಸನದಲ್ಲಿ ಎಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಹೊಳೆನರಸೀಪುರದ ಭತ್ತ, ಅರಕಲಗೂಡಿನ ಹೊಗೆಸೊಪ್ಪು, ಚನ್ನರಾಯಪಟ್ಟಣದ ತೆಂಗಿನ ಲೆಕ್ಕಕ್ಕೆ ಮೂರು ಫೈಲ್ ಬರೆದಳು ಎಂದಿಟ್ಟುಕೊಳ್ಳಿ. ಮೊದಲನೆಯದರ ಫಂಕ್ಷನ್ನನ್ನೇ ಉಳಿದೆರಡಕ್ಕೂ ಕಾಪಿ ಹೊಡೆದಳು. ಭತ್ತದ ಮೊತ್ತದಲ್ಲಿ 45 ಗುಂಟೆ ಕಂಡು ಅಲ್ಲಿ ತಿದ್ದಿದಳು. ಅರಕಲಗೂಡು, ಚನ್ನರಾಯಪಟ್ಟಣದ ಫೈಲುಗಳಲ್ಲಿ ತಪ್ಪು ಹಾಗೇ ಉಳಿಯಿತು. ಕಾಪಿ ಹೊಡೆಯುವುದು ಸೋಮಾರಿತನ ಎಂದು ಬೈಯುವವರಿದ್ದಾರೆ. ನನಗೇನೋ ಅದು ಮುಂದಕ್ಕೆ ಮೂರು ಪಟ್ಟು ದುಡಿಮೆಯ ಹಾಗೆ ಕಾಣುತ್ತದೆ.

ಆ ಫಂಕ್ಷನ್ನನ್ನು 'ಅಳತೆ' ಎಂಬ ಬೇರೆ ಫೈಲಿನಲ್ಲಿಟ್ಟು ಮೂರೂ ಕಡೆ ಇಂಪೋರ್ಟ್ ಮಾಡಿಕೊಂಡರೆ ತಿದ್ದುವ ಜಾಗ ಒಂದೇ. (2008ರಲ್ಲಿ ಬಂದ ಪೈಥಾನ್ 3ರಿಂದ ಹೆಸರನ್ನು ಕನ್ನಡ ಲಿಪಿಯಲ್ಲೇ ಇಡಬಹುದು, ಇಡುವವರು ಕಡಿಮೆ.) ಹೊಸ ಉಪಾಯವೇನಲ್ಲ ಇದು. 1949ರಲ್ಲಿ ಕೇಂಬ್ರಿಜ್‌ನಲ್ಲಿ ಕೆಲಸ ಶುರುಮಾಡಿದ ಎಡ್ಸ್ಯಾಕ್ ಯಂತ್ರಕ್ಕೆ ವಿಲ್ಕ್ಸ್, ವೀಲರ್ ಮತ್ತು ಗಿಲ್ ಇಂಥ ತುಣುಕುಗಳನ್ನು ಕಾಗದದ ಟೇಪಿನಲ್ಲಿ ಪಂಚ್ ಮಾಡಿ ಗ್ರಂಥಾಲಯವನ್ನೇ ಕಟ್ಟಿದ್ದರು.

ಎಡವುವುದು ಸಣ್ಣ ವಿಷಯಗಳಲ್ಲಿ. ಇಂಪೋರ್ಟ್ ಅಂದರೆ ಬರೀ ಫಂಕ್ಷನ್ ತರುವುದಲ್ಲ, ಆ ಫೈಲನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ಓಡಿಸುವುದು. ಪರೀಕ್ಷಿಸಲೆಂದು 'ಅಳತೆ'ಯ ಕೊನೆಯಲ್ಲಿ ಒಂದು ಪ್ರಿಂಟ್ ಬಿಟ್ಟಿದ್ದರೆ ತೆಂಗಿನ ಲೆಕ್ಕದ ನೆತ್ತಿಯ ಮೇಲೆ ಅದೂ ಬಂದು ಕೂರುತ್ತದೆ. ಅದಕ್ಕೇ ಅಂಥ ಸಾಲುಗಳನ್ನು, ಈ ಫೈಲನ್ನು ನೇರವಾಗಿ ಓಡಿಸಿದಾಗ ಮಾತ್ರ ಎಂಬ ಷರತ್ತಿನೊಳಗೆ ಇಡುವುದು. ಫೈಲಿಗೆ 'ರ‍್ಯಾಂಡಮ್' ಎಂದು ಇಂಗ್ಲಿಷಿನಲ್ಲಿ ಹೆಸರಿಟ್ಟರಂತೂ ಪೈಥಾನ್‌ನ ಸ್ವಂತ ರ‍್ಯಾಂಡಮ್ ಮರೆಯಾಗುತ್ತದೆ, ಏಕೆಂದರೆ ಹುಡುಕಾಟ ಶುರುವಾಗುವುದೇ ನಮ್ಮ ಫೋಲ್ಡರಿನಿಂದ.

ಒಮ್ಮೆ ತಂದದ್ದನ್ನು ಪೈಥಾನ್ ಮತ್ತೆ ಓದುವುದೂ ಇಲ್ಲ. ನೋಟ್‌ಬುಕ್ ತೆರೆದಿಟ್ಟುಕೊಂಡೇ 'ಅಳತೆ'ಯನ್ನು ತಿದ್ದಿ, ಇನ್ನೂ ಹಳೇ 3.45 ಬರುತ್ತಿದ್ದರೆ ಫಂಕ್ಷನ್ನನ್ನು ಮತ್ತೆ ಕೆದಕಬೇಡಿ, ಕರ್ನಲ್ ರೀಸ್ಟಾರ್ಟ್ ಮಾಡಿ.