ಮಧುಮೇಹಿಯ ತಪಸ್ಸು

ತಪಸ್ಸೆಂದೊಡನೆ ಶ್ರಾವಕರ ಮನಸ್ಸಿಗೆ ಮೊದಲು ಬರುವುದು ಉಪವಾಸ. ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸ, ದಶಲಕ್ಷಣ ಪರ್ವದ ಏಕಭುಕ್ತ, ಅನಂತ ಚತುರ್ದಶಿಯ ನಿರಾಹಾರ ಇವುಗಳನ್ನು ಆಚರಿಸುವವರನ್ನು ಸಮಾಜವು ಗೌರವದಿಂದ ಕಾಣುತ್ತದೆ. ಅದು ಯೋಗ್ಯವೇ ಆಗಿದೆ. ಆದರೆ ಶರೀರಸ್ಥಿತಿಯ ಕಾರಣದಿಂದ ಉಪವಾಸವನ್ನು ಮಾಡಲಾರದವರಿಗೆ ತಪಸ್ಸಿನ ಬಾಗಿಲು ಮುಚ್ಚಿದೆಯೆ? ಬಾಲ್ಯದಲ್ಲಿಯೋ ತಾರುಣ್ಯದಲ್ಲಿಯೋ ಮೊದಲನೆಯ ಬಗೆಯ ಮಧುಮೇಹಕ್ಕೆ ತುತ್ತಾದವರು ಈ ಪ್ರಶ್ನೆಯನ್ನು ಎರಡು ಕಡೆಯಿಂದ ಎದುರಿಸಬೇಕಾಗುತ್ತದೆ. ನಿಶ್ಚಿಂತೆಯಿಂದ ಊಟ ಬಿಡುವುದು ಅವರಿಗೆ ಸಾಧ್ಯವಿಲ್ಲ. ಬಯಸಿದುದನ್ನು ಬಯಸಿದಾಗ ನಿಶ್ಚಿಂತೆಯಿಂದ ತಿನ್ನುವುದೂ ಸಾಧ್ಯವಿಲ್ಲ. ಆಹಾರದ ವಿಷಯದಲ್ಲಿ ದಿನದ ಪ್ರತಿಯೊಂದು ಹೊತ್ತಿನಲ್ಲಿಯೂ ಎಚ್ಚರವಾಗಿರಬೇಕಾದ ಇವರಿಗೆ ತಪಸ್ಸಿನ ಅಧಿಕಾರವಿಲ್ಲವೆಂದು ಹೇಳುವುದು ಶಾಸ್ತ್ರಸಮ್ಮತವೆ ಎಂಬುದನ್ನು ವಿಚಾರಿಸಬೇಕಾಗಿದೆ.

ಮೊದಲು ವ್ಯಾಧಿಯ ಸ್ವರೂಪವನ್ನು ತಿಳಿಯುವುದು ಅವಶ್ಯ. ಸಾಮಾನ್ಯವಾಗಿ ನಡುವಯಸ್ಸಿನ ಅನಂತರ ಕಾಣಿಸಿಕೊಳ್ಳುವ ಎರಡನೆಯ ಬಗೆಯ ಮಧುಮೇಹವನ್ನು ಪಥ್ಯ, ವ್ಯಾಯಾಮ, ಗುಳಿಗೆಗಳಿಂದ ಬಹುಮಟ್ಟಿಗೆ ಹತೋಟಿಯಲ್ಲಿಡಬಹುದು. ಮೊದಲನೆಯ ಬಗೆ ಹಾಗಲ್ಲ. ಶರೀರವನ್ನು ರೋಗಗಳಿಂದ ಕಾಯಬೇಕಾದ ಶಕ್ತಿಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಉತ್ಪಾದಿಸುವ ಜೀವಕೋಶಗಳನ್ನು ನಾಶಮಾಡುವುದರಿಂದ ಇದು ಬರುತ್ತದೆ. ಸಿಹಿ ತಿಂದುದರ ಫಲವಾಗಿ ಬಂದ ರೋಗವಲ್ಲ ಇದು. ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿರುವ ಸಕ್ಕರೆಯು ಶರೀರದ ಉಪಯೋಗಕ್ಕೆ ಬರುವುದಿಲ್ಲ. ಆದುದರಿಂದ ಅದನ್ನು ದಿನವೂ ಹೊರಗಿನಿಂದ ತೆಗೆದುಕೊಳ್ಳಲೇಬೇಕು. ಉಣ್ಣದ ದಿನವೂ ಅದು ಬೇಕು. ‘ಇಂದು ಉಪವಾಸ, ಸೂಜಿಯೂ ಬೇಡ’ ಎಂದು ಬಿಟ್ಟರೆ ಶರೀರವು ತನ್ನ ಕೊಬ್ಬನ್ನೇ ಮಿತಿಮೀರಿ ಕರಗಿಸಿಕೊಂಡು ರಕ್ತದಲ್ಲಿ ಆಮ್ಲ ಹೆಚ್ಚಿ ಪ್ರಾಣಾಪಾಯವಾಗುತ್ತದೆ. ಎಂದಿನಷ್ಟೇ ಸೂಜಿಮದ್ದು ತೆಗೆದುಕೊಂಡು ಆಹಾರವನ್ನು ಬಿಟ್ಟರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪುತ್ತದೆ.

ಇನ್ಸುಲಿನ್ ಬರುವುದಕ್ಕೆ ಮೊದಲು ಈ ವ್ಯಾಧಿಗೆ ನಿರಾಹಾರವೇ ಚಿಕಿತ್ಸೆಯಾಗಿತ್ತೆಂಬುದು ಗಮನಾರ್ಹ. ಅಮೆರಿಕದ ವೈದ್ಯ ಫ್ರೆಡರಿಕ್ ಆಲೆನ್ ೧೯೧೦ರ ದಶಕದಲ್ಲಿ ರೋಗಿಗಳಿಗೆ ಅತ್ಯಲ್ಪ ಆಹಾರವನ್ನು ಕೊಟ್ಟು, ನಡುನಡುವೆ ಅದನ್ನೂ ನಿಲ್ಲಿಸಿ, ಅವರ ಆಯುಷ್ಯವನ್ನು ಕೆಲವು ಕಾಲ ಮುಂದಕ್ಕೆ ತಳ್ಳುತ್ತಿದ್ದರು. ಅವರ ರೋಗಿಗಳಲ್ಲೊಬ್ಬಳಾದ ಎಲಿಜಬೆತ್ ಹ್ಯೂಸ್ ಎಂಬ ಬಾಲಿಕೆಗೆ ೧೯೧೯ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ ರೋಗ ಪತ್ತೆಯಾಯಿತು. ೧೯೨೨ರ ಆಗಸ್ಟಿನಲ್ಲಿ, ಹದಿನೈದರ ಹೊಸ್ತಿಲಲ್ಲಿದ್ದಾಗ, ಅವಳ ತೂಕ ಸುಮಾರು ೪೫ ಪೌಂಡು ಮಾತ್ರ. ಅಷ್ಟರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ೧೯೨೧ರಲ್ಲಿ ಇನ್ಸುಲಿನ್ನನ್ನು ಬೇರ್ಪಡಿಸಿದ್ದರು. ೧೯೨೨ರ ಜನವರಿಯಲ್ಲಿ ಅದನ್ನು ಮೊದಲ ಬಾರಿಗೆ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಕೊಡಲಾಗಿತ್ತು. ಆ ಔಷಧದಿಂದ ಚೇತರಿಸಿಕೊಂಡ ಎಲಿಜಬೆತ್ ೧೯೮೧ರ ವರೆಗೆ ಬದುಕಿದಳು.

ಆ ಕಾಲದ ಮಕ್ಕಳು ವರ್ಷಗಟ್ಟಲೆ ಹಸಿದಿದ್ದರು. ಅದು ತಪಸ್ಸೆ? ಅಲ್ಲ. ಸೆರೆಯಲ್ಲಿದ್ದವನು ವಿಧಿಯಿಲ್ಲದೆ ಹಸಿವು ಬಾಯಾರಿಕೆಗಳನ್ನು ಸಹಿಸುವುದನ್ನು ಆಚಾರ್ಯರು ಅಕಾಮ ನಿರ್ಜರೆಯೆಂದು ಕರೆದಿದ್ದಾರೆ. ತಪಸ್ಸಿನ ಲಕ್ಷಣವು ಇಚ್ಛೆಯನ್ನು ತಿಳಿದು ತಡೆಯುವುದು. ಹೊಟ್ಟೆ ಬರಿದಾಗಿರುವುದು ಮಾತ್ರವೇ ತಪಸ್ಸಾಗದೆಂಬುದು ಇದರಿಂದ ಸ್ಪಷ್ಟ.

ಅಹಿಂಸಾವ್ರತಿಗಳ ಒಂದು ಸಂದೇಹಕ್ಕೂ ಇಲ್ಲಿ ಉತ್ತರ ಹೇಳಬೇಕು. ಮೊದಲು ಇನ್ಸುಲಿನ್ನನ್ನು ದನ ಹಂದಿಗಳ ಗ್ರಂಥಿಗಳಿಂದ ತೆಗೆಯುತ್ತಿದ್ದುದು ನಿಜ. ೧೯೮೨ರಲ್ಲಿ ಸೂಕ್ಷ್ಮಾಣುಗಳ ಮೂಲಕ ತಯಾರಿಸಿದ ಮಾನವ ಇನ್ಸುಲಿನ್ ಬಳಕೆಗೆ ಬಂದಿತು. ಇಂದು ಬಹುಪಾಲು ಇನ್ಸುಲಿನ್ ಬ್ಯಾಕ್ಟೀರಿಯ, ಯೀಸ್ಟ್‌ಗಳಿಂದಲೇ ತಯಾರಾಗುತ್ತದೆ; ಪಂಚೇಂದ್ರಿಯ ಜೀವಿಯ ವಧೆ ಅದಕ್ಕೆ ಅವಶ್ಯವಿಲ್ಲ.

ಇನ್ನು ಈ ವ್ಯಾಧಿಯುಳ್ಳವರನ್ನು ಬಹುವಾಗಿ ಕಾಡುವ ಆಹಾರದ ಬಯಕೆಯ ವಿಚಾರ. ನೋಡುವವರು ಅದನ್ನು ಜಿಹ್ವಾಚಾಪಲ್ಯವೆಂಬ ಒಂದೇ ಹೆಸರಿನಿಂದ ಕರೆದುಬಿಡುತ್ತಾರೆ. ವಾಸ್ತವದಲ್ಲಿ ಅಲ್ಲಿ ಮೂರು ಬೇರೆ ಬೇರೆ ಅವಸ್ಥೆಗಳಿವೆ. ಮೊದಲನೆಯದು ರಕ್ತದ ಸಕ್ಕರೆ ಕುಸಿದಾಗ ಏಳುವ ಹಸಿವು. ಕೈಕಾಲು ನಡುಗುತ್ತವೆ, ಮೈ ಬೆವರುತ್ತದೆ, ಎದೆ ಬಡಿದುಕೊಳ್ಳುತ್ತದೆ, ಬುದ್ಧಿ ಮಂಕಾಗುತ್ತದೆ, ಕೈಗೆ ಸಿಕ್ಕಿದುದನ್ನೆಲ್ಲ ತಿನ್ನಬೇಕೆನಿಸುತ್ತದೆ. ಎರಡನೆಯದು ಇನ್ಸುಲಿನ್ ಸಾಲದೆ ಸಕ್ಕರೆ ಏರಿದಾಗ ಏಳುವ ಹಸಿವು. ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಜೀವಕೋಶಗಳಿಗೆ ಅದು ದೊರೆಯದು; ಅಲ್ಲಿ ಬೇಕಾದುದು ಅನ್ನವಲ್ಲ, ಔಷಧ. ಮೂರನೆಯದು ಸಕ್ಕರೆ ಸಮಸ್ಥಿತಿಯಲ್ಲಿದ್ದಾಗಲೂ ಹೋಳಿಗೆಯನ್ನು ಕಂಡು ಮನಸ್ಸು ಓಡುವುದು. ಶಾಸ್ತ್ರವು ಗೃದ್ಧಿ ಎನ್ನುವುದು ಈ ಮೂರನೆಯದನ್ನು.

ಕರ್ಮಸಿದ್ಧಾಂತವೂ ಈ ಭೇದವನ್ನು ಒಪ್ಪುತ್ತದೆ. ಇಪ್ಪತ್ತೆರಡು ಪರೀಷಹಗಳಲ್ಲಿ ಮೊದಲನೆಯದಾದ ಕ್ಷುಧೆಯನ್ನು ಉಮಾಸ್ವಾಮಿ ಆಚಾರ್ಯರು ವೇದನೀಯ ಕರ್ಮದ ಉದಯದಿಂದಾಗುವವುಗಳಲ್ಲಿ ಎಣಿಸಿದ್ದಾರೆ. ರುಚಿಯ ಮೇಲಿನ ಆಸಕ್ತಿಯಾದರೋ ಲೋಭ, ರತಿ ಮೊದಲಾದ ಮೋಹನೀಯದ ಕಾರ್ಯ. ಎರಡೂ ಬಹುತೇಕ ಬೆರೆತುಕೊಂಡೇ ಬರುತ್ತವೆ. ಬೇರ್ಪಡಿಸಿ ನೋಡುವುದೇ ವಿವೇಕ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ‘ಗೊಮ್ಮಟಸಾರ’ದಲ್ಲಿ ಆಹಾರಸಂಜ್ಞೆಗೆ ನಾಲ್ಕು ಕಾರಣಗಳನ್ನು ಹೇಳುತ್ತಾರೆ: ಆಹಾರವನ್ನು ನೋಡುವುದು, ಅದರ ಕಡೆಗೆ ಉಪಯೋಗವನ್ನು ಹರಿಸುವುದು, ಹೊಟ್ಟೆ ಬರಿದಾಗಿರುವುದು, ಅಸಾತಾವೇದನೀಯದ ಉದೀರಣೆ. ಇವುಗಳಲ್ಲಿ ಕೊನೆಯ ಎರಡರ ಮೇಲೆ ಮಧುಮೇಹಿಗೆ ಹತೋಟಿ ಅಲ್ಪ. ಮೊದಲ ಎರಡು ಬಹುಮಟ್ಟಿಗೆ ಅವನ ಕೈಯಲ್ಲಿವೆ, ಅವನ ಮನೆಯವರ ಕೈಯಲ್ಲಿಯೂ ಇವೆ. ಸಿಹಿಯ ಡಬ್ಬಿಯನ್ನು ಕಣ್ಣೆದುರಿಗಿಟ್ಟು ‘ನೀನು ತಿನ್ನಬೇಡ’ ಎಂದು ಹೇಳುವ ಮನೆಯು ಅವನಿಗೆ ಸಹಾಯ ಮಾಡಿದಂತಾಗದು.

ಯಾವ ಬಯಕೆ ಯಾವುದೆಂದು ತಿಳಿಯುವ ಬಗೆ ಹೇಗೆ? ಇಂದು ಬೆರಳತುದಿಯ ಒಂದು ಹನಿ ರಕ್ತದಿಂದ ಕೆಲವೇ ಕ್ಷಣಗಳಲ್ಲಿ ಸಕ್ಕರೆಯ ಪ್ರಮಾಣ ತಿಳಿಯುತ್ತದೆ. ತೋಳಿಗೆ ಅಂಟಿಸಿಕೊಂಡು ಹಗಲಿರುಳು ನೋಡುವ ಉಪಕರಣಗಳೂ ಬಂದಿವೆ. ‘ನನಗೆ ಬೇಕೇ ಬೇಕು’ ಎಂದು ಮನಸ್ಸು ಹೇಳಿದಾಗ ಮೊದಲು ಪರೀಕ್ಷಿಸಿ ನೋಡುವವನು ತನ್ನ ಇಚ್ಛೆಗೆ ಸಾಕ್ಷಿಯನ್ನು ಕೇಳಿದಂತಾಯಿತು. ಉಪಕರಣ ಹತ್ತಿರವಿಲ್ಲದೆ ಲಕ್ಷಣಗಳು ಮಾತ್ರ ಕಂಡರೆ ಸಕ್ಕರೆ ಕುಸಿದಿದೆಯೆಂದೇ ತಿಳಿದು ಉಪಚರಿಸಬೇಕು. ಅಲ್ಲಿ ತಡಮಾಡುವುದು ಪ್ರಮಾದ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಹದಿನೇಳು ವರ್ಷದ ಮಧುಮೇಹಿ ಬಾಲೆಯೊಬ್ಬಳು ಪರ್ವದ ಹತ್ತು ದಿನಗಳಿಗೆ ರಾತ್ರಿಭೋಜನ ತ್ಯಾಗದ ನಿಯಮ ಹಿಡಿದಿದ್ದಾಳೆ. ಸೂರ್ಯಾಸ್ತಕ್ಕೆ ಮೊದಲೇ ಉಂಡಾಗಿದೆ. ನಡುರಾತ್ರಿ ನಡುಕ ಹುಟ್ಟಿ ಎಚ್ಚರವಾಗುತ್ತದೆ. ಪರೀಕ್ಷಿಸಿದರೆ ಡೆಸಿಲೀಟರಿಗೆ ೫೮ ಮಿಲಿಗ್ರಾಂ ಸಕ್ಕರೆ. ೭೦ಕ್ಕಿಂತ ಕೆಳಗಿಳಿದರೆ ಉಪಚಾರ ಬೇಕು; ೫೪ಕ್ಕಿಂತ ಕೆಳಗೆ ಹೋದರೆ ಗಂಭೀರವಾದ ಅಪಾಯ. ತಾಯಿ ಸಕ್ಕರೆ ಕದಡಿದ ನೀರನ್ನು ತರುತ್ತಾಳೆ. ಮಗಳು, ‘ಬೇಡಮ್ಮಾ, ನಿಯಮ ಮುರಿಯುತ್ತದೆ’ ಎಂದು ಲೋಟವನ್ನು ದೂರ ಸರಿಸುತ್ತಾಳೆ. ಅಜ್ಜಿ ಎದ್ದು ಬಂದು, ‘ಕುಡಿ ಮಗಾ, ಇದು ಊಟವಲ್ಲ, ಮದ್ದು’ ಎನ್ನುತ್ತಾಳೆ. ಯಾರ ಮಾತು ಸರಿ?

ಅಜ್ಜಿಯ ಮಾತೇ ಸರಿ. ‘ಮೂಲಾಚಾರ’ವು ಮುನಿಗಳಿಗೇ ಆಹಾರ ಸ್ವೀಕರಿಸಲು ಆರು ಕಾರಣಗಳನ್ನು ಅನುಮತಿಸಿದೆ, ಹಸಿವಿನ ವೇದನೆಯ ಶಮನ, ಸಂಯಮದ ಪಾಲನೆ, ಪ್ರಾಣಧಾರಣೆ ಅವುಗಳಲ್ಲಿ ಸೇರಿವೆ. ರುಚಿಗಾಗಿ, ಬಲಕ್ಕಾಗಿ, ಮೈಕಾಂತಿಗಾಗಿ ಉಣ್ಣುವುದು ಅಲ್ಲಿ ನಿಷಿದ್ಧ. ಮಹಾವ್ರತಿಗಳಿಗೆ ಇರುವ ಅವಕಾಶ ಅಣುವ್ರತಿಯಾದ ಬಾಲೆಗೆ ಇಲ್ಲವೆನ್ನಲಾಗದು.

ಆದರೆ ಆ ರಾತ್ರಿಯ ಪ್ರಶ್ನೆ ಅಲ್ಲಿಗೇ ಮುಗಿಯುವುದಿಲ್ಲ. ವೈದ್ಯರ ವಿಧಿಯಂತೆ ಸುಮಾರು ೧೫ ಗ್ರಾಂ ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ನೀರಿನಲ್ಲಿ ಕುಡಿದು, ೧೫ ನಿಮಿಷ ಕಾದು, ಮತ್ತೆ ಪರೀಕ್ಷಿಸಬೇಕು. ಇನ್ನೂ ೭೦ಕ್ಕಿಂತ ಕೆಳಗಿದ್ದರೆ ಮತ್ತೆ ಅಷ್ಟೇ ತೆಗೆದುಕೊಳ್ಳಬೇಕು. (ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.) ಇದಕ್ಕೆ ಕೆಲವರು ಜೇನನ್ನು ಸೂಚಿಸುವುದುಂಟು, ಮಧುತ್ಯಾಗಿಗಳಾದ ಜೈನರಿಗೆ ಸಕ್ಕರೆಯೇ ಸಾಕು. ಹೋಳಿಗೆ, ಪೇಡೆಗಳು ಇಲ್ಲಿ ತಕ್ಕ ಔಷಧವಲ್ಲ. ಅವುಗಳಲ್ಲಿರುವ ತುಪ್ಪ, ಹಾಲಿನ ಕೊಬ್ಬು ಸಕ್ಕರೆಯು ರಕ್ತಕ್ಕೆ ಸೇರುವುದನ್ನು ತಡಮಾಡುತ್ತವೆ.

ಆ ೧೫ ನಿಮಿಷಗಳೇ ಕಠಿಣ. ಸಕ್ಕರೆ ನೀರು ಕುಡಿದಾಗಿದೆ, ಆದರೆ ಹಸಿವು ಇನ್ನೂ ಇಳಿದಿಲ್ಲ. ಡಬ್ಬಿಯಲ್ಲಿದ್ದುದನ್ನೆಲ್ಲ ಬರಿದುಮಾಡಬೇಕೆಂಬ ಆತುರ. ಹಾಗೆ ತಿಂದವರ ಸಕ್ಕರೆ ಗಂಟೆಯೊಳಗೆ ಮಿತಿಮೀರಿ ಏರುತ್ತದೆ. ಮರುದಿನವೆಲ್ಲ ಆಯಾಸ, ಮನಸ್ಸಿನಲ್ಲಿ ನಾಚಿಕೆ. ಮೊದಲಿನ ೧೫ ಗ್ರಾಂ ಪ್ರಾಣದ ಪಾಲು. ಕಾಯುವ ಹೊತ್ತಿನಲ್ಲಿ ಕೈ ಮತ್ತೆ ಡಬ್ಬಿಗೆ ಹೋದರೆ ಗೃದ್ಧಿಯು ಪ್ರಾಣದ ವೇಷದಲ್ಲಿ ಬಂದಿರಬಹುದು. ಆ ಹೊತ್ತನ್ನು ಣಮೋಕಾರ ಮಂತ್ರದ ಜಪದಲ್ಲಿ ಕಳೆದು ಕಾಯುವ ಬಾಲೆಯು ಇಚ್ಛೆಯನ್ನು ತಿಳಿದು ತಡೆದವಳೇ ಸರಿ. ಅವಳು ಕಾಯಲಾರದೆ ಹೋದರೂ ನಿಂದಿಸತಕ್ಕದ್ದಲ್ಲ; ಆಗ ಅವಳ ಬುದ್ಧಿಯೇ ಪೂರ್ಣ ಸ್ವಾಧೀನದಲ್ಲಿರುವುದಿಲ್ಲ. ಅಂಥವರ ಬಳಿ ಮನೆಯವರೊಬ್ಬರು ಕುಳಿತಿರುವುದು ವೈಯಾವೃತ್ಯವೆಂಬ ಅಂತರಂಗ ತಪಸ್ಸಾಗುತ್ತದೆ.

ಇನ್ನೊಂದು ಕಡೆಯ ಎಚ್ಚರವೂ ಬೇಕು. ಇಂದಿನ ಚಿಕಿತ್ಸೆಯಲ್ಲಿ ತಿನ್ನುವುದಕ್ಕೆ ತಕ್ಕಷ್ಟು ಇನ್ಸುಲಿನ್ನನ್ನು ಲೆಕ್ಕಮಾಡಿ ತೆಗೆದುಕೊಂಡು ಸಿಹಿಯನ್ನೂ ತಿನ್ನಬಹುದು. ಆದುದರಿಂದ ವ್ಯಾಧಿಯೇ ಸಂಯಮವನ್ನು ಕಲಿಸುತ್ತದೆಯೆಂದು ಭಾವಿಸಲಾಗದು. ‘ಸಕ್ಕರೆ ಇಳಿದಿರಬಹುದು’ ಎಂಬ ನೆಪವನ್ನು ಮಾಡಿ ಬಯಸಿದುದನ್ನು ತಿನ್ನುವುದು ಮಾಯಾಕಷಾಯ. ಮನೆಯವರ ಗದರಿಕೆಗೆ ಅಂಜಿ ಮರೆಯಲ್ಲಿ ತಿನ್ನುವುದೂ ಮಾಯೆಯೇ. ಅದರಲ್ಲಿ ಗದರಿಸಿದವರಿಗೂ ಪಾಲುಂಟು. ಕದ್ದು ತಿಂದುದಕ್ಕೆ ಲೆಕ್ಕವಿರುವುದಿಲ್ಲ. ಲೆಕ್ಕವಿಲ್ಲದಿದ್ದರೆ ಔಷಧದ ಪ್ರಮಾಣವೂ ತಪ್ಪುತ್ತದೆ.

ಹಾಗಾದರೆ ಇವರು ಹಿಡಿಯಬಹುದಾದ ತಪಸ್ಸು ಯಾವುದು? ಬಾಹ್ಯ ತಪಸ್ಸುಗಳು ಆರು. ಅನಶನವು ಅವುಗಳಲ್ಲಿ ಒಂದು ಮಾತ್ರ. ಅವಮೋದರ್ಯವೆಂದರೆ ಹಸಿವಿಗಿಂತ ಕಡಮೆ ಉಣ್ಣುವುದು. ಪುರುಷನ ಪೂರ್ಣ ಆಹಾರ ೩೨ ತುತ್ತು, ಸ್ತ್ರೀಯದು ೨೮ ಎಂದು ಎಣಿಸಿ, ಒಂದು ತುತ್ತು ಬಿಟ್ಟರೂ ಅದು ಅವಮೋದರ್ಯವೆಂದು ಆಚಾರ್ಯರು ಒಪ್ಪಿದ್ದಾರೆ. ಮುನಿಗಳ ವೃತ್ತಿಪರಿಸಂಖ್ಯಾನದ ಮಾರ್ಗವನ್ನು ಅನುಸರಿಸಿ ಇಂದು ಇಂತಿಷ್ಟೇ ಪದಾರ್ಥವೆಂದು ಮೊದಲೇ ನಿಶ್ಚಯಿಸಬಹುದು. ಬಡಿಸಿಕೊಳ್ಳುವ ಮುನ್ನ ಅನ್ನ ರೊಟ್ಟಿಗಳನ್ನು ಅಳೆದು ಔಷಧವನ್ನು ಗೊತ್ತುಮಾಡುವ ಮಧುಮೇಹಿಯು ಈ ಅಭ್ಯಾಸದ ಬಹುಭಾಗವನ್ನು ದಿನವೂ ಮಾಡುತ್ತಲೇ ಇದ್ದಾನೆ, ಸಂಕಲ್ಪವೊಂದು ಸೇರಬೇಕು. ರಸಪರಿತ್ಯಾಗದಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲಸಕ್ಕರೆ, ಉಪ್ಪು ಎಂಬ ಆರರಲ್ಲಿ ಯಾವುದನ್ನಾದರೂ ಬಿಡಬಹುದು. ವೈದ್ಯರು ಬಿಡಿಸಿದ ಸಿಹಿಗಿಂತ ತಾನಾಗಿ ಬಿಟ್ಟ ತುಪ್ಪ ಇಲ್ಲಿ ಹಿರಿದು. ಊಟದ ಪ್ರಮಾಣವನ್ನೋ ವೇಳೆಯನ್ನೋ ಬದಲಿಸುವಾಗ ವೈದ್ಯರನ್ನು ಕೇಳಿ ಔಷಧವನ್ನು ಹೊಂದಿಸಿಕೊಳ್ಳುವುದು ಮಾತ್ರ ಕಡ್ಡಾಯ.

‘ಹೀಗೆ ಅವಕಾಶಗಳನ್ನು ಕೊಡುತ್ತ ಹೋದರೆ ವ್ರತ ಸಡಿಲವಾಗುವುದಿಲ್ಲವೆ?’ ಎಂದು ಕೆಲವರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಶ್ವೇತಾಂಬರ ಪರಂಪರೆಯ ಪ್ರತ್ಯಾಖ್ಯಾನ ಪಾಠಗಳಲ್ಲಿ ಆಗಾರಗಳೆಂಬ ಅಪವಾದಗಳನ್ನು ವ್ರತ ಹಿಡಿಯುವಾಗಲೇ ಉಚ್ಚರಿಸುತ್ತಾರೆ. ಚಿತ್ತಸಮಾಧಿ ಕೆಟ್ಟಾಗ ಔಷಧ ಸ್ವೀಕರಿಸುವುದು ಅವುಗಳಲ್ಲೊಂದು. ದಿಗಂಬರ ಶ್ರಾವಕನೂ ಸಮಂತಭದ್ರ ಆಚಾರ್ಯರು ಹೇಳಿದ ಯಮ ನಿಯಮಗಳ ಭೇದವನ್ನು ಬಲ್ಲನು: ಆಜೀವ ತ್ಯಾಗ ಯಮ, ಕಾಲಮಿತಿಯುಳ್ಳದ್ದು ನಿಯಮ. ಮಧುಮೇಹಿಯು ಕಾಲಮಿತಿಯ ನಿಯಮವನ್ನೇ ಹಿಡಿಯಲಿ. ‘ಸಕ್ಕರೆ ೭೦ಕ್ಕಿಂತ ಇಳಿದರೆ ಔಷಧರೂಪದ ಸಕ್ಕರೆಗೆ ಅವಕಾಶ’ ಎಂದು ಗುರುಗಳೆದುರಿಗೆ ಮೊದಲೇ ಹೇಳಿಕೊಳ್ಳಲಿ. ಮೊದಲೇ ಗೆರೆ ಎಳೆದಿಟ್ಟ ಅಪವಾದ ವ್ರತದ ಅಂಗ. ಬಯಕೆ ಹುಟ್ಟಿದ ಮೇಲೆ ಹುಡುಕಿದ ಅಪವಾದ ವ್ರತದ ಭಂಗ. ಸಡಿಲಿಕೆಯ ಭಯವಿರುವುದು ಎರಡನೆಯದರಲ್ಲಿ.

ಈ ಸಂದರ್ಭದಲ್ಲಿ ಸ್ವತಃ ಸಮಂತಭದ್ರರ ವೃತ್ತಾಂತ ಸ್ಮರಣೀಯ. ಎಷ್ಟು ಉಂಡರೂ ಆರದ ಭಸ್ಮಕ ವ್ಯಾಧಿ ಅವರನ್ನು ಬಾಧಿಸಿತೆಂದೂ, ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಒಪ್ಪಲಿಲ್ಲವೆಂದೂ ದೇವಚಂದ್ರನ ‘ರಾಜಾವಳಿ ಕಥೆ’ ಮೊದಲಾದವುಗಳಲ್ಲಿ ಹೇಳಿದೆ. ಅವರಿಂದ ಧರ್ಮಪ್ರಭಾವನೆ ಆಗಬೇಕಾದುದನ್ನರಿತ ಗುರುಗಳು ಮುನಿವೇಷವನ್ನು ಬಿಟ್ಟು, ಉಂಡು ರೋಗವನ್ನು ಕಳೆದುಕೊಂಡು, ಮತ್ತೆ ದೀಕ್ಷೆ ಪಡೆಯುವಂತೆ ಆಜ್ಞಾಪಿಸಿದರು. ಸಮಂತಭದ್ರರು ಹಾಗೆಯೇ ಮಾಡಿದರು. ಅವರದೇ ‘ರತ್ನಕರಂಡಕ ಶ್ರಾವಕಾಚಾರ’ವು ವ್ಯಾಧಿಯ ವಿಷಯದಲ್ಲಿ ಅದು ಪ್ರತೀಕಾರವಿಲ್ಲದುದಾದರೆ ಮಾತ್ರ ಸಲ್ಲೇಖನವನ್ನು ವಿಧಿಸುತ್ತದೆ. ೧೯೨೨ಕ್ಕೆ ಹಿಂದೆ ಈ ಮಧುಮೇಹವು ಪ್ರತೀಕಾರವಿಲ್ಲದುದಾಗಿತ್ತು. ಇಂದು ಪ್ರತೀಕಾರವಿದೆ. ಅದನ್ನು ತೊರೆದು ಪ್ರಾಣವನ್ನು ಅಪಾಯಕ್ಕೊಡ್ಡುವುದು ಪ್ರಮಾದಯೋಗದಿಂದಾದ ಆತ್ಮಹಿಂಸೆಯಲ್ಲದೆ ತಪಸ್ಸಲ್ಲ.

ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ ತಪಸ್ಸುಗಳಿಗೆ ‘ಶಕ್ತಿತಃ’ ಎಂಬ ವಿಶೇಷಣವನ್ನು ಸೇರಿಸಿರುವುದು ಅರ್ಥಪೂರ್ಣವಾಗಿದೆ. ಶಕ್ತಿಯನ್ನು ಮರೆಮಾಚದೆ, ಶಕ್ತಿಯನ್ನು ಮೀರದೆ ಆಚರಿಸತಕ್ಕದ್ದೆಂದು ಅದರ ತಾತ್ಪರ್ಯ. ಪರ್ವಾಂತ್ಯದಲ್ಲಿ ಬಸದಿಯಲ್ಲಿ ಉಪವಾಸ ಮಾಡಿದವರ ಹೆಸರುಗಳನ್ನು ಓದುವಾಗ, ಆ ಪಟ್ಟಿಯಲ್ಲಿ ಸೇರಬೇಕೆಂಬ ಹಂಬಲವೂ ಒಂದು ಹಸಿವೆಯೇ ಎಂಬುದನ್ನು ಹಿರಿಯರು ಮಕ್ಕಳಿಗೆ ತಿಳಿಸಬೇಕು. ಮಧುಮೇಹಿ ಮಗುವನ್ನು ‘ನಿನ್ನಿಂದ ಏನೂ ಆಗದು’ ಎಂದು ಹೊರಗಿಡದೆ, ಅವಮೋದರ್ಯವನ್ನೋ ರಸತ್ಯಾಗವನ್ನೋ ವಿಧಿಪೂರ್ವಕವಾಗಿ ಕೊಡಿಸಿ, ಆ ನಿಯಮಕ್ಕೂ ಉಪವಾಸಕ್ಕೆ ಸಲ್ಲುವ ಆದರವನ್ನೇ ಸಲ್ಲಿಸಬೇಕು. ಬರುವ ಭಾದ್ರಪದದ ಒಳಗಾಗಿ ಇಂತಹ ಮಕ್ಕಳಿರುವ ಮನೆಗಳವರು ವೈದ್ಯರನ್ನೂ ತ್ಯಾಗಿಗಳನ್ನೂ ಕಂಡು ವಿಚಾರಿಸಿ, ಅವರವರ ಶಕ್ತಿಗೆ ತಕ್ಕ ನಿಯಮವನ್ನು ಗೊತ್ತುಮಾಡಿಕೊಳ್ಳುವರೆಂದು ಹಾರೈಸಲಾಗಿದೆ.