ತೂಬೆತ್ತಿದವನ ಹೊಣೆ

ನೀರಿಲ್ಲದೆ ಪೈರು ಬಾಡುವಾಗ ಕೆರೆಯ ತೂಬನ್ನೆತ್ತುವುದು ಧರ್ಮವೆಂಬುದು ನಿರ್ವಿವಾದವು. ಆದರೆ ಆ ನೀರು ಯಾರ ಗದ್ದೆಯನ್ನು ಮುಟ್ಟಿತು, ಯಾರದನ್ನು ಮುಟ್ಟಲಿಲ್ಲ ಎಂಬುದನ್ನು ವಿಚಾರಿಸದೆ ನೀರುಗಂಟಿಯ ಕರ್ತವ್ಯವು ಮುಗಿಯಲಾರದು. ತುಮಕೂರಿನ ಮರಳೂರು ಕೆರೆಯುಳ್ಳ ಊರು. ದೇಶದ ಹಣದ ತೂಬನ್ನು ಕಾಯುವವರ ನ್ಯಾಯವನ್ನು ಅಲ್ಲಿಯ ಸಂಸಾರಗಳ ದೃಷ್ಟಿಯಿಂದ ಪರೀಕ್ಷಿಸುವುದು ಉಚಿತವಾಗಿದೆ.

1935ರಲ್ಲಿ ಕಾರ್ಯಾರಂಭ ಮಾಡಿದ ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಅಲ್ಪಕಾಲದ ಸಾಲ ಕೊಡುವ ಬಡ್ಡಿಗೆ ರೆಪೊ ದರವೆಂದು ಹೆಸರು. ಕೋವಿಡ್ ವ್ಯಾಧಿಯಿಂದ ಉದ್ಯಮಗಳು ಸ್ತಬ್ಧವಾದ 2020ರಲ್ಲಿ ಆ ದರವು ಶೇಕಡಾ 5.15ರಿಂದ ಮಾರ್ಚಿಯಲ್ಲಿ 4.40ಕ್ಕೂ, ಮೇ ತಿಂಗಳಿನಲ್ಲಿ 4ಕ್ಕೂ ಇಳಿಯಿತು. ಸಾಲದ ಕಂತುಗಳನ್ನು ಆಗಸ್ಟ್ ಕೊನೆಯವರೆಗೆ ಮುಂದೂಡುವ ಅವಕಾಶವೂ ದೊರೆಯಿತು. ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಉತ್ಪನ್ನವು ಹಿಂದಿನ ವರ್ಷಕ್ಕಿಂತ ಸುಮಾರು ಕಾಲು ಪಾಲು ಕುಗ್ಗಿದ್ದುದರಿಂದ ಸುಮ್ಮನಿರುವುದೇ ಅಧರ್ಮವಾಗುತ್ತಿದ್ದಿತು.

ಮರಳೂರಿನ ಒಂದೇ ಬೀದಿಯಲ್ಲಿ ಮೂವರು ಗೃಹಸ್ಥರಿರುವರೆಂದು ಭಾವಿಸಬಹುದು. ಸಾಲ ಮಾಡಿ ಅಂಗಡಿಯಿಟ್ಟವನಿಗೆ ಬಡ್ಡಿಯ ಇಳಿತವು ಜೀವದಾನವಾಯಿತು. ಇಡುಗಂಟಿನ ಬಡ್ಡಿಯಿಂದಲೇ ಬಾಳುವ ವೃದ್ಧ ಉಪಾಧ್ಯಾಯರ ವರಮಾನವು ಅದೇ ಇಳಿತದಿಂದ ಕುಗ್ಗಿತು. ಬೆಲೆಗಳಾದರೋ ಆ ವರ್ಷ ಸರಾಸರಿ ಶೇಕಡಾ 6ಕ್ಕೂ ಮಿಕ್ಕಿ ಏರಿದ್ದವು. ಸಾಲವೂ ಠೇವಣಿಯೂ ಇಲ್ಲದ ಕೂಲಿಯವನಿಗೆ ಆ ದರದಿಂದ ನೇರವಾಗಿ ಏನೂ ತಲುಪಲಿಲ್ಲ. ಅವನ ಹಸಿವಿಗೆ ಒದಗಿದುದು ಸರ್ಕಾರವು ತಲೆಗೆ ತಿಂಗಳಿಗೆ 5 ಕಿಲೋದಂತೆ ಪುಕ್ಕಟೆಯಾಗಿ ಹಂಚಿದ ಧಾನ್ಯವು.

ಅಂಗಡಿಗಳು ಮುಚ್ಚಿ ಸಾಲಗಳು ಮುಳುಗಿದರೆ ಉಪಾಧ್ಯಾಯರ ಇಡುಗಂಟಿಗೂ ಅಪಾಯವಲ್ಲವೆ ಎಂದು ಕೆಲವರು ಕೇಳಬಹುದು. ಆ ಮಾತು ನಿಜ. ಆದರೆ ಒಬ್ಬನ ಹಿತಕ್ಕಾಗಿಯೇ ಅವನಿಂದ ತೆಗೆದುಕೊಂಡರೂ ತೆಗೆದುಕೊಂಡುದನ್ನು ಮರೆಮಾಡುವುದು ನ್ಯಾಯವಲ್ಲ. ಸಾಲಗಾರನಿಗೆ ದೊರೆತ ಬಿಡುವೂ ಕೇವಲ ದಾನವಾಗಿರಲಿಲ್ಲ. ಮುಂದೂಡಿದ ಕಂತಿಗೆ ಬಡ್ಡಿಯು ಬೆಳೆಯುತ್ತಲೇ ಇದ್ದಿತು. ಆ ಅವಧಿಗೆ ಬಡ್ಡಿಯ ಮೇಲೆ ಬಡ್ಡಿ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2021ರ ಮಾರ್ಚಿಯಲ್ಲಿ ತೀರ್ಪಿತ್ತಿತು.

2023ರ ಫೆಬ್ರವರಿಯ ಹೊತ್ತಿಗೆ ರೆಪೊ ದರವು 6.50ಕ್ಕೇರಿತು. ಆಗ ಉಪಾಧ್ಯಾಯರ ಬಡ್ಡಿ ಹೆಚ್ಚಿದರೂ ಹಿಂದೆ ಕಳೆದುಹೋದ ವರಮಾನವು ಮರಳಲಿಲ್ಲ; ಅಂಗಡಿಯವನ ಕಂತು ಮಾತ್ರ ಭಾರವಾಯಿತು. ಮುಗ್ಗಟ್ಟಿನಲ್ಲಿ ಭಾರವನ್ನು ಹೊರಿಸುವುದು ಅನಿವಾರ್ಯವಾಗಬಹುದು. ಯಾರ ಹೆಗಲಿಗೆ ಎಷ್ಟೆಂಬುದನ್ನು ಬಹಿರಂಗವಾಗಿ ಒಪ್ಪಿಕೊಂಡು, ಹೊರಲಾರದವನಿಗೆ ಬೊಕ್ಕಸದಿಂದ ಆಸರೆ ಕೊಡುವುದು ಮಾತ್ರ ಅರಸುತನದ ಕರ್ತವ್ಯವು. ತೂಬೆತ್ತಿದವನು ಕೊನೆಯ ಗದ್ದೆಯವರೆಗೂ ನಡೆದು ನೋಡಬೇಕು.