ಬಿಸಿ ಎಲ್ಲಿಗೆ ಹೋಗ್ತದೆ?

ಗೇಮಿಂಗ್ ಕಂಪ್ಯೂಟರಿಗೆ ವಾಟರ್ ಕೂಲಿಂಗ್ ಹಾಕಿಸಬೇಕಾ ಬೇಡವಾ ಅನ್ನೋ ಪ್ರಶ್ನೆಗೆ ಎರಡು ಸಾಲಲ್ಲಿ ಉತ್ತರ ಹೇಳಬಹುದು. ನಿಮ್ಮ ಪ್ರೊಸೆಸರ್ 250 ವ್ಯಾಟ್ ತಿನ್ನೋ ಜಾತಿಯದಾಗಿದ್ದು, ಅದರ ಮೇಲೆ ಗಂಟೆಗಟ್ಟಲೆ ವಿಡಿಯೋ ರೆಂಡರ್ ಮಾಡ್ತೀರಾದರೆ ಹಾಕಿಸಿ. ಸಂಜೆ ನಾಲ್ಕು ಗಂಟೆ ಗೇಮ್ ಆಡೋರಿಗೆ, ಮಧ್ಯಮ ದರ್ಜೆಯ ಪ್ರೊಸೆಸರ್ ಇರೋರಿಗೆ, ಮೂರು ಸಾವಿರದ ಆಸುಪಾಸಿನ ಒಳ್ಳೆ ಏರ್ ಕೂಲರ್ ಸಾಕು. ಇಷ್ಟೇ ಆಗಿದ್ದರೆ ಈ ಅಂಕಣ ಇಲ್ಲಿಗೇ ಮುಗೀತಿತ್ತು.

ನನ್ನನ್ನು ಕಾಡಿದ್ದು ಬೇರೆ. ‘ವರ್ಥ್ ಇದೆಯಾ’ ಅಂತ ಕೇಳುವಾಗ ನಾವು ಯಾರ ಲೆಕ್ಕದ ಪುಸ್ತಕ ತೆಗೆದು ಕೂತಿರ್ತೀವಿ?

ಮೊದಲು ಯಂತ್ರದ ಕಥೆ ಹೇಳಿಬಿಡ್ತೀನಿ. ಅಂಗಡಿಯಲ್ಲಿ ಸಿಗೋ ರೆಡಿಮೇಡ್ ಲಿಕ್ವಿಡ್ ಕೂಲರಿನಲ್ಲಿ ಒಂದು ಪುಟ್ಟ ಪಂಪು, ಎರಡು ರಬ್ಬರ್ ಕೊಳವೆ, ಒಂದು ರೇಡಿಯೇಟರು, ಅದಕ್ಕೆ ಎರಡೋ ಮೂರೋ ಫ್ಯಾನು ಇರುತ್ತವೆ. ಒಳಗಿರೋ ದ್ರವ ಅಬ್ಬಬ್ಬಾ ಅಂದರೆ ಒಂದು ಲೋಟ. ಪ್ರೊಸೆಸರಿನ ನೆತ್ತಿಯಿಂದ ಆ ದ್ರವ ಬಿಸಿಯನ್ನು ಹೊತ್ತುಕೊಂಡು ಹೋಗಿ ರೇಡಿಯೇಟರಿನಲ್ಲಿ ಇಳಿಸುತ್ತೆ, ಫ್ಯಾನು ಆ ಬಿಸಿಯನ್ನು ಹೊರಗೆ ಊದುತ್ತೆ. ಏರ್ ಕೂಲರ್ ಮಾಡೋದೂ ಇದನ್ನೇ, ದಾರಿ ಮಾತ್ರ ಬೇರೆ. ನೀರು ಬಿಸಿಯನ್ನು ಹೊರೋದರಲ್ಲಿ ಗಾಳಿಗಿಂತ ಎಷ್ಟೋ ಗಟ್ಟಿ ಆಳು, ಅದರಲ್ಲಿ ಅನುಮಾನ ಇಲ್ಲ. ಆದರೆ ಎಷ್ಟೇ ಗಟ್ಟಿಯಾದರೂ ಅದು ಹಮಾಲನ ಕೆಲಸ. ಹೊತ್ತು ತಂದಿದ್ದನ್ನು ಎಲ್ಲೋ ಒಂದು ಕಡೆ ಇಳಿಸಲೇಬೇಕು, ಮತ್ತು ಅದು ಇಳಿಸೋದು ನಿಮ್ಮ ಕೋಣೆಯೊಳಗೇ. ಕೋಣೆ 34 ಡಿಗ್ರಿ ಇದ್ದರೆ ಆ ಕೊಳವೆಯೊಳಗಿನ ದ್ರವ 34ಕ್ಕಿಂತ ಕೆಳಗೆ ಇಳಿಯೋದಿಲ್ಲ, ನೀವು ಎಂಟು ಸಾವಿರ ಕೊಟ್ಟಿರಿ, ಹದಿನೈದು ಸಾವಿರ ಕೊಟ್ಟಿರಿ.

ಆಟ ಆಡುವಾಗ ಒಂದು ಸಾಧಾರಣ ಒಳ್ಳೆಯ ಗೇಮಿಂಗ್ ಕಂಪ್ಯೂಟರು, ಮಾನಿಟರೂ ಸೇರಿ, ಸುಮಾರು 400 ವ್ಯಾಟ್ ಎಳೆಯುತ್ತೆ ಅಂದುಕೊಳ್ಳಿ. ಅಷ್ಟೂ ಕೊನೆಗೆ ಬಿಸಿಯಾಗಿಯೇ ಹೊರಬರುತ್ತೆ. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದ ಹೊರಡೋ ಬಿಸಿ ಸುಮಾರು 100 ವ್ಯಾಟ್. ಅಂದರೆ ನೀವು ಗೇಮ್ ಶುರು ಮಾಡಿದ ಕೂಡಲೇ ನಾಲ್ಕು ಜನ ಬೀಗರು ಬಂದು ನಿಮ್ಮ ಕೋಣೆಯಲ್ಲಿ ಕೂತ ಹಾಗೆ. ಮಾತಾಡಲ್ಲ, ಚಹಾ ಕೇಳಲ್ಲ, ಆದರೆ ಎದ್ದೂ ಹೋಗಲ್ಲ.

ಖಾನಾಪುರದಲ್ಲಿರೋ ನಮ್ಮ ಕಾಕಾನ ಮಗ ಮಾರ್ಚ್ ಕೊನೆಗೆ ಫೋನ್ ಮಾಡಿ ಕೇಳಿದ್ದು ಇದನ್ನೇ. ದಿನಾ ರೈಲಿಗೆ ಬೆಳಗಾವಿಗೆ ಬಂದು ಇಂಜಿನಿಯರಿಂಗ್ ಓದೋ ಹುಡುಗ. ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡು, ಕಾಕಾ ಸೇರಿಸಿದ್ದು ಒಂದಿಷ್ಟು. ರೈಜನ್ 7 7700ಎಕ್ಸ್, ಜೊತೆಗೆ ಆರ್‌ಟಿಎಕ್ಸ್ 4070 ಅಂತ ಪಟ್ಟಿ ರೆಡಿ ಇತ್ತು.

“ಅಣ್ಣಾ, ಲಿಕ್ವಿಡ್ ಹಾಕಿದ್ರ ಮಶೀನ್ ತಂಪ ಇರ್ತೈತಿ ಅಂತಾರ. ಹಾಕಿಸ್ಲೇನು?”

“ಮಶೀನ್ ತಂಪ ಇರ್ತೈತಿ. ಖೋಲಿ?”

ಅವನು ಸುಮ್ಮನಾದ. ಯಾಕಂದರೆ ಆ ಮನೆಯಲ್ಲಿ ಅವನ ಟೇಬಲ್ ಇರೋ ಖೋಲಿಯಲ್ಲೇ ಅಜ್ಜಿ ಮಲಗೋದು. ಹೆಂಚಿನ ಮನೆ, ಒಂದೇ ಕಿಟಕಿ, ಏಪ್ರಿಲ್ ಎದುರಿಗೇ ನಿಂತಿತ್ತು.

ಇಲ್ಲಿಗೆ ವಾಟರ್ ಕೂಲಿಂಗಿನ ವಿರುದ್ಧ ತೀರ್ಪು ಬಂತು ಅಂದುಕೋಬೇಡಿ. ಕೋಣೆಯ ಬಿಸಿಯ ಲೆಕ್ಕದಲ್ಲಿ ಎರಡೂ ಕೂಲರ್ ಒಂದೇ, ತಪ್ಪು ಹೊರಿಸೋಕೆ ಆಗಲ್ಲ. ಸದ್ದಿನ ಲೆಕ್ಕದಲ್ಲಿ ದೊಡ್ಡ ರೇಡಿಯೇಟರು ಅಜ್ಜಿಯ ಪರವಾಗಿಯೇ ಸಾಕ್ಷಿ ಹೇಳಬಹುದು. ಅಗಲವಾದ ರೇಡಿಯೇಟರಿನ ಮೇಲೆ ಮೂರು ಫ್ಯಾನು ನಿಧಾನ ತಿರುಗಿದರೆ, ಒಂದೇ ಸಣ್ಣ ಫ್ಯಾನು ಕಿರುಚೋದಕ್ಕಿಂತ ಎಷ್ಟೋ ಮೇಲು. ಪಂಪಿನದೊಂದು ಸಣ್ಣ ಗುಂಯ್ ಇರುತ್ತೆ, ರಾತ್ರಿ ಹನ್ನೊಂದರ ಖಾನಾಪುರದ ಮೌನದಲ್ಲಿ ಅದು ಕೇಳಿಸುತ್ತೆ ಕೂಡ. ಆದರೂ ನಿದ್ದೆ ಅನ್ನೋದನ್ನು ಎಫ್‌ಪಿಎಸ್ ಜೊತೆ ತಕ್ಕಡಿಗೆ ಹಾಕಿದರೆ ನನ್ನ ಮಟ್ಟಿಗೆ ನಿದ್ದೆಯೇ ತೂಕ. ರಿವ್ಯೂ ವಿಡಿಯೋಗಳಲ್ಲಿ ಸದ್ದನ್ನು ಡೆಸಿಬಲ್‌ನಲ್ಲಿ ಅಳೀತಾರೆ, ಆದರೆ ಅದು ಯಾರ ಕಿವಿಗೆ ಬೀಳುತ್ತೆ ಅನ್ನೋದು ಅಲ್ಲಿನ ಗ್ರಾಫ್‌ನಲ್ಲಿ ಬರೋದಿಲ್ಲ.

ರಿಪೇರಿಯ ವಿಷಯಕ್ಕೆ ಬಂದರೆ ತಕ್ಕಡಿ ಇನ್ನೊಂದು ಕಡೆ ವಾಲುತ್ತೆ. ಏರ್ ಕೂಲರಿನಲ್ಲಿ ಕೆಡೋದು ಫ್ಯಾನು ಒಂದೇ, ಕೆಲವು ನೂರು ರೂಪಾಯಿ ಕೊಟ್ಟರೆ ಬೆಳಗಾವಿಯ ಯಾವ ಕಂಪ್ಯೂಟರ್ ಅಂಗಡಿಯಲ್ಲೂ ಸಿಗುತ್ತೆ. ಲಿಕ್ವಿಡ್ ಕೂಲರ್ ಸೀಲ್ ಮಾಡಿದ ಡಬ್ಬಿ. ಪಂಪು ನಿಂತರೆ ಇಡೀ ಕೂಲರ್ ಬದಲಾಯಿಸೋದೇ, ವಾರಂಟಿ ಇದ್ದರೂ ಕೊರಿಯರ್ ಹೋಗಿ ಬರೋವರೆಗೂ ಕಂಪ್ಯೂಟರು ಮೂಲೆಗೆ.

ಕರೆಂಟಿನದು ಇನ್ನೂ ಸ್ವಾರಸ್ಯ. ದಿನಕ್ಕೆ ನಾಲ್ಕು ಗಂಟೆ, 400 ವ್ಯಾಟ್ ಅಂದರೆ 1.6 ಯೂನಿಟ್; ತಿಂಗಳಿಗೆ 48. ಕಾಕಾನ ಮನೆಗೆ 2023ರಿಂದ ಗೃಹಜ್ಯೋತಿ. 2022-23ರ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದರ ಮೇಲೆ ಶೇ. 10 ಸೇರಿಸಿ ಅಷ್ಟು ಪುಕ್ಕಟೆ, ಮೀರಿದ್ದಕ್ಕೆ ದುಡ್ಡು; 200 ದಾಟಿತೋ, ಪೂರ್ತಿ ಬಿಲ್ಲು. ಶೇ. 10 ಅನ್ನೋದು ಒಂದು ಹೊಸ ಮಿಕ್ಸರು, ಒಂದು ಹೆಚ್ಚಿನ ಫ್ಯಾನಿಗೆ ಬಿಟ್ಟ ಜಾಗ. ಅದರಲ್ಲಿ 48 ಯೂನಿಟ್ ಹಿಡಿಸೋದಿಲ್ಲ. ಹಾಗಂತ ಹುಡುಗ ಆಟವೇ ಆಡಬಾರದು ಅಂತ ನಾನು ಹೇಳೋದಿಲ್ಲ. ಆಟಕ್ಕೂ ಕರೆಂಟು ಬೇಕು, ಟಿವಿಗೂ ಬೇಕು, ಸೊನ್ನೆ ಬಿಲ್ಲೇ ಮನುಷ್ಯನ ಗುರಿ ಅಲ್ಲ. ಆದರೆ ಬಿಲ್ಲು ತೋರಿಸಿ ಕಟ್ಟೋರು ಯಾರು ಅಂತ ಮೊದಲೇ ಮಾತಾಡಿಕೊಳ್ಳೋದು ಬೇರೆ, ತಿಂಗಳ ಕೊನೆಗೆ ಕಾಕಾ ಕನ್ನಡಕ ಹಾಕ್ಕೊಂಡು ಅದನ್ನ ತಿರುವಿ ಮುರುವಿ ನೋಡೋದು ಬೇರೆ.

ಈಗ ನನಗೆ ಎಲ್ಲಕ್ಕಿಂತ ವಿಚಿತ್ರ ಅನ್ನಿಸಿದ ಸಂಗತಿ. ಈಚಿನ ಪ್ರೊಸೆಸರುಗಳನ್ನು ತಂಪು ಮಾಡಿದರೆ ಅವು ತಂಪಾಗಿ ಕೂರೋದಿಲ್ಲ. 7700ಎಕ್ಸ್ ತರಹದವು ಪೂರ್ತಿ ಕೆಲಸದ ಹೊರೆ ಬಿದ್ದಾಗ 95 ಡಿಗ್ರಿವರೆಗೆ ಏರಿ, ಅಲ್ಲೇ ನಿಂತು ದುಡಿಯೋ ಹಾಗೆಯೇ ತಯಾರಾಗಿವೆ, ಅದು ರೋಗ ಅಲ್ಲ. ಬಿಸಿಯ ಮಿತಿಗೆ ತಗಲಿ ನಿಂತಿದ್ದಾಗ ನೀವು ಇನ್ನೂ ಒಳ್ಳೆ ಕೂಲರ್ ಕೊಟ್ಟಿರೋ, “ಓಹೋ, ಜಾಗ ಇದೆ” ಅಂತ ವೇಗ ಏರಿಸಿಕೊಂಡು ಇನ್ನಷ್ಟು ವಿದ್ಯುತ್ ತಿನ್ನುತ್ತವೆ. ಕೋಣೆಗೆ ಬೀಳೋ ಬಿಸಿ ಹೆಚ್ಚೇ ಆಯಿತು. 1865ರಲ್ಲೇ ವಿಲಿಯಂ ಸ್ಟಾನ್ಲಿ ಜೆವನ್ಸ್ ಅನ್ನೋ ಅರ್ಥಶಾಸ್ತ್ರಜ್ಞ ಕಲ್ಲಿದ್ದಲಿನ ಬಗ್ಗೆ ಇಂಥದ್ದೇ ಮಾತು ಹೇಳಿದ್ದ: ಇಂಜಿನ್ನು ಉಳಿತಾಯ ಮಾಡೋಕೆ ಕಲಿತಷ್ಟೂ ಕಲ್ಲಿದ್ದಲು ಸುಡೋದು ಜಾಸ್ತಿ ಆಗುತ್ತೆ ಅಂತ. ಸಂಬಳ ಏರಿದ ಮೊದಲ ವರ್ಷ ನಮ್ಮಲ್ಲಿ ಅನೇಕರಿಗೆ ಇದರ ಪ್ರಾಕ್ಟಿಕಲ್ ಕ್ಲಾಸ್ ಆಗಿರುತ್ತೆ ಬಿಡಿ.

ಇದಕ್ಕೆ ಒಂದು ಪುಕ್ಕಟೆ ಮದ್ದು ಇದೆ, ಅದರ ಜಾಹೀರಾತು ಮಾತ್ರ ಯಾರೂ ಮಾಡಲ್ಲ. ಬಯಾಸ್‌ಗೆ ಹೋಗಿ ಇಕೋ ಮೋಡ್ ಹಾಕಿದರೆ ಅದೇ ಪ್ರೊಸೆಸರಿನ ವಿದ್ಯುತ್ ಮಿತಿ 142 ವ್ಯಾಟಿನಿಂದ 88ಕ್ಕೆ ಇಳಿಯುತ್ತೆ. ರೆಂಡರಿಂಗ್ ಮಾಡೋರಿಗೆ ವ್ಯತ್ಯಾಸ ತಿಳಿಯುತ್ತೆ. ಗೇಮ್ ಆಡೋರಿಗೆ ಸಾಮಾನ್ಯವಾಗಿ ಕಣ್ಣಿಗೆ ಕಾಣದಷ್ಟು. ‘ಇನ್ನೂ ತಂಪು ಮಾಡು’ ಅನ್ನೋದು ಒಂದು ದಾರಿ, ‘ಇಷ್ಟು ಉರೀಬೇಡ’ ಅನ್ನೋದು ಇನ್ನೊಂದು. ಮೊದಲನೇದಕ್ಕೆ ದುಡ್ಡು ಬೇಕು ಅನ್ನೋ ಕಾರಣಕ್ಕೇ ಅದು ನಮಗೆ ಪರಿಹಾರದ ಹಾಗೆ ಕಾಣುತ್ತೆ ಅಂತ ನನ್ನ ಗುಮಾನಿ.

ಇದನ್ನೆಲ್ಲ ಒದರಿ ಮುಗಿಸಿದ ಮೇಲೆ ಹುಡುಗ ಅಂದ: “ಎಲ್ಲಾ ಖರೆ ಅಣ್ಣಾ. ಆದ್ರ ಅದು ಚಂದ ಕಾಣ್ತೈತಿ.”

ಇದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ, ಇರಲೂಬಾರದು. ಗಾಜಿನ ಹಿಂದೆ ಆ ಕೊಳವೆ, ಆ ದೀಪ ಚಂದವೇ. ನಮ್ಮ ಕಡೆ ಎತ್ತಿನ ಕೋಡಿಗೆ ಬಣ್ಣ ಹಚ್ಚಿ ಗೊಂಡೆ ಕಟ್ಟೋರು ಅದರಿಂದ ನೇಗಿಲು ಆಳಕ್ಕೆ ಹೋಗುತ್ತೆ ಅಂತ ಯಾವತ್ತೂ ವಾದ ಮಾಡಿಲ್ಲ. ಚಂದಕ್ಕೆ ಖರ್ಚು ಮಾಡೋನು ಚಂದಕ್ಕೆ ಅಂತ ಹೇಳಿ ಮಾಡಿದರೆ ತನ್ನ ಜೇಬು ನೋಡಿಕೊಂಡು ಮಾಡ್ತಾನೆ. ‘ಟೆಂಪರೇಚರ್ ಕಂಟ್ರೋಲ್’ ಅಂತ ಹೇಳಿ ಮಾಡೋನಿಗೆ ಮುಂದಿನ ವರ್ಷ ಇನ್ನೂ ದೊಡ್ಡದು ಬೇಕಾಗುತ್ತೆ, ಯಾಕಂದರೆ ಟೆಂಪರೇಚರಿಗೆ ಕೊನೆ ಇಲ್ಲ.

ಖಾನಾಪುರ ಮಣ್ಣಿನ ಊರು ಅನ್ನೋದು ಗೊತ್ತಲ್ಲ. ಅಲ್ಲಿನ ಹೆಂಚು, ಇಟ್ಟಿಗೆ, ಗಡಿಗೆ ಹೆಸರುವಾಸಿ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲೇ ಇದೆ. ಕಾಕಾನ ಅಡಿಗೆಮನೆಯ ಮೂಲೆಯಲ್ಲಿ ಮಣ್ಣಿನ ಹರವಿ ಒಂದಿದೆ. ರೇಡಿಯೇಟರಿಗೆ ಆಗದ ಕೆಲಸ ಅದಕ್ಕೆ ಆಗುತ್ತೆ: ಕೋಣೆಯ ಗಾಳಿಗಿಂತ ತಂಪಾಗಿ ಇರೋದು. ಮಣ್ಣಿನ ಸಣ್ಣ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುತ್ತೆ, ಹೋಗುವಾಗ ಒಂದೊಂದು ಗ್ರಾಮೂ ಸುಮಾರು 2,400 ಜೂಲ್ ಬಿಸಿ ಕೊಂಡೊಯ್ಯುತ್ತೆ. ಎಂಟು ಲೀಟರಿನ ಹರವಿಯಲ್ಲಿ 100 ಮಿಲಿಲೀಟರ್ ಆವಿಯಾದರೆ, ಲೆಕ್ಕದ ಪ್ರಕಾರ, ಉಳಿದ ನೀರು ಏಳು ಡಿಗ್ರಿ ಇಳಿಯಬಹುದು. ವಿದ್ಯುತ್ ಇಲ್ಲ, ಪಂಪಿಲ್ಲ. ಆದರೆ ಹರವಿಯನ್ನು ಋಷಿ ಮಾಡಿ ಕೂರಿಸೋದೂ ಬೇಡ. ಅದೂ ನೀರು ಕೊಟ್ಟು ತಂಪು ಕೊಳ್ಳುತ್ತೆ, ಮಳೆಗಾಲದ ತೇವದಲ್ಲಿ ಅದರ ಆಟ ನಡೆಯೋದಿಲ್ಲ. ಅನೇಕ ದೊಡ್ಡ ಡೇಟಾ ಸೆಂಟರುಗಳು ಕೂಲಿಂಗ್ ಟವರ್ ಇಟ್ಟು ಮಾಡೋದೂ ಹರವಿಯ ಕೆಲಸವನ್ನೇ, ನೀರನ್ನು ಆವಿ ಮಾಡಿ ಬಿಸಿ ಓಡಿಸೋದು. ಕ್ಲೌಡ್ ಗೇಮಿಂಗ್ ಹಾಕಿಸಿಕೊಂಡರೆ ಖೋಲಿಯಲ್ಲಿ ಬಿಸಿ ಇರಲ್ಲ ನಿಜ. ಅದು ನಮಗೆ ಹೆಸರು ಗೊತ್ತಿಲ್ಲದ ಯಾವುದೋ ಊರಿನ ನೀರಿನ ಪಾಲಿಗೆ ಹೋಗಿರುತ್ತೆ. ಮಲಪ್ರಭೆ ಹುಟ್ಟೋ ಕಣಕುಂಬಿ ಇರೋ ತಾಲೂಕಿನವರಿಗೆ, ಮಹದಾಯಿ ಜಗಳ ಕೇಳ್ತಾ ಬೆಳೆದವರಿಗೆ, ನೀರಿನ ಪಾಲು ಅಂದರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಬೆಳಗಾವಿಯ ನಾವು ನಮ್ಮೂರಿಗೆ ಫ್ಯಾನೇ ಬೇಡ ಅಂತ ಜಂಬ ಕೊಚ್ಚಿಕೊಳ್ತಿದ್ದ ಕಾಲ ಒಂದಿತ್ತು. ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರ, ಸಂಜೆಯಾದರೆ ಗಾಳಿ. ಈಗ ನನ್ನ ಅಪಾರ್ಟ್‌ಮೆಂಟಿನ ಹಿಂಭಾಗ ನೋಡಿದರೆ ಮಹಡಿಗೊಂದು ಎಸಿ ಡಬ್ಬಿ. ಎರಡನೇ ಮಹಡಿಯದು ನೇರ ಪಕ್ಕದ ಮನೆಯ ಅಡಿಗೆಮನೆ ಕಿಟಕಿಗೆ ಊದುತ್ತೆ; ಆ ಕಿಟಕಿ ಬೇಸಿಗೆ ಪೂರ್ತಿ ಮುಚ್ಚೇ ಇರುತ್ತೆ. ಯಾರೂ ಜಗಳ ಆಡಿಲ್ಲ. ಎಸಿ ಕೊಳ್ಳುವಾಗ ಆ ಮನೆಯವರು ಸ್ಟಾರ್ ರೇಟಿಂಗ್ ಖಂಡಿತ ನೋಡಿರ್ತಾರೆ, ಒಳ್ಳೇ ಜನ.

ಹುಡುಗ ಲಿಕ್ವಿಡ್ ಕೂಲರನ್ನೇ ತಗೊಂಡ, 240 ಮಿಲಿಮೀಟರಿನದು, ಚಂದಕ್ಕೆ ಅಂತ ಹೇಳಿಯೇ. ಟೇಬಲನ್ನು ಪಡಸಾಲೆಯ ಕಿಟಕಿ ಪಕ್ಕ ಸಾಗಿಸಿದ, ಇಕೋ ಮೋಡ್ ಹಾಕಿದ, ಮೀರಿದ ಯೂನಿಟ್ಟಿನ ದುಡ್ಡು ಟ್ಯೂಷನ್ ಫೀಸಿನಲ್ಲಿ ತಾನೇ ಕೊಡ್ತೀನಿ ಅಂತ ಕಾಕಾನಿಗೆ ಹೇಳಿದ. ಕೊಟ್ಟನೋ ಇಲ್ಲವೋ ನಾನು ವಿಚಾರಿಸೋಕೆ ಹೋಗಿಲ್ಲ. ಜುಲೈನಲ್ಲಿ ಖಾನಾಪುರದ ಮಳೆ ಗೊತ್ತಲ್ಲ, ವಾರಗಟ್ಟಲೆ ಬಿಸಿಲು ಕಾಣಲ್ಲ, ಹಾಸಿಗೆ ಕೂಡ ತಣ್ಣಗೆ ಕೊರೆಯುತ್ತೆ. ಕಾಕು ಹೇಳಿದ್ದು: ಈಗ ಅವನು ಆಡೋಕೆ ಕೂತನೆಂದರೆ ಅಜ್ಜಿ ಕಂಬಳಿ ಹೊದ್ದು ಪಡಸಾಲೆಗೆ ಬಂದು, ಆ ಕ್ಯಾಬಿನೆಟ್ಟಿನ ಹಿಂದೆ ಕೈ ಚಾಚಿ ಕೂಡ್ತಾಳಂತೆ. ಒಣಗದ ಸಾಕ್ಸ್ ಎರಡು ಜೊತೆ ಅದರ ಮೇಲೇ ಇರ್ತಾವಂತೆ.